ಖಾಲಿ ಇಟ್ಟ ಲೈನು

ನನ್ನ ಮಗಳಿಗೆ ಒಂದು ಫೋನ್ ಬರಬೇಕಿತ್ತು. ಎರಡು ವರ್ಷದಿಂದ ಆ ಒಂದು ಫೋನಿಗಾಗಿ ನಾವಿಬ್ಬರೂ ಕಾಯುತ್ತಿದ್ದೆವು. ಅವಳ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಮೆಷೀನಿಗೆ ಕೈ ಒಪ್ಪಿಸಿ ಬರುವುದು, ಮಿಕ್ಕ ದಿನ ಮಲಗುವುದು, ಇಷ್ಟೇ ಅವಳ ವಾರ. ಸ್ಕೂಲಿನಲ್ಲಿ ಮ್ಯಾಥ್ಸ್ ಕಲಿಸುತ್ತಿದ್ದವಳು ಕೆಲಸ ಬಿಟ್ಟು, ನಲವತ್ತೊಂದನೇ ವಯಸ್ಸಿನಲ್ಲಿ ಮತ್ತೆ ನನ್ನ ಮನೆಯ ಒಳಕೋಣೆಗೆ ಬಂದು ಸೇರಿದ್ದಳು.

ನನ್ನ ಕಿಡ್ನಿ ತಗೊಳ್ಳಿ ಎಂದು ಮೊದಲ ದಿನವೇ ಹೇಳಿದ್ದೆ. ನನಗೆ ಎಪ್ಪತ್ತೆರಡು ವಯಸ್ಸು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಡಾಕ್ಟರು ಫೈಲಿನಿಂದ ತಲೆ ಎತ್ತದೆ, "ಆಂಟಿ, ನಿಮ್ಮದು ನಿಮಗೇ ಸಾಲದು," ಎಂದುಬಿಟ್ಟರು. ಹಾಗಾಗಿ ಲಿಸ್ಟು. ಎಲ್ಲೋ ಯಾರೋ ತೀರಿಕೊಂಡು, ಅವರ ಮನೆಯವರು ಆ ದುಃಖದಲ್ಲೂ ದೊಡ್ಡ ಮನಸ್ಸು ಮಾಡಿದರೆ, ಲಿಸ್ಟಿನಲ್ಲಿ ಸರದಿ ಬಂದವರಿಗೆ ಆಸ್ಪತ್ರೆಯಿಂದ ಫೋನ್ ಬರುತ್ತದೆ. ಆ ಫೋನ್ ಮಾಡುವ ಕೋಆರ್ಡಿನೇಟರ್ ಚಿಕ್ಕ ಹುಡುಗಿ. ನಮ್ಮನ್ನು ಎದುರಿಗೆ ಕೂರಿಸಿಕೊಂಡು ರೂಲ್ಸ್ ಹೇಳಿದ್ದಳು.

"ಮೇಡಂ, ಆರ್ಗನ್ ಬಂತು ಅಂದ್ರೆ ನಮಗೆ ಟೈಮ್ ಇರಲ್ಲ. ಎರಡು ನಂಬರ್ ಕೊಡಿ, ಎರಡಕ್ಕೂ ಟ್ರೈ ಮಾಡ್ತೀನಿ. ಕಾಲು ಗಂಟೆ ನೋಡ್ತೀನಿ. ಸಿಗಲಿಲ್ಲ ಅಂದ್ರೆ ನೆಕ್ಸ್ಟ್ ಪೇಷಂಟ್‌ಗೆ ಹೋಗ್ಲೇಬೇಕು. ಆಮೇಲೆ ಬೇಜಾರ್ ಮಾಡ್ಕೋಬಾರದು."

"ಐ ಅಂಡರ್‌ಸ್ಟ್ಯಾಂಡ್," ಎಂದೆ. ಮಗಳದೊಂದು, ನನ್ನದೊಂದು ನಂಬರ್ ಬರೆದುಕೊಟ್ಟೆ. ಅರ್ಥವಾಗಿತ್ತು ಎಂದೇ ಅಂದುಕೊಂಡಿದ್ದೆ. ಲೈನುಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಏಕೆಂದರೆ ಪೀಣ್ಯದ ಒಂದು ಫ್ಯಾಕ್ಟರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಾಲಿಗೆ ತಿದ್ದಿ ತಿದ್ದಿ ಇಂಗ್ಲಿಷ್ ಕಲಿಸಿದ್ದರು. ಆ "ಗುಡ್ ಮಾರ್ನಿಂಗ್" ಒಂದನ್ನು ಕೇಳಿಯೇ ನನಗೆ ಕೆಲಸ ಕೊಟ್ಟರು. ಫ್ಯಾಕ್ಟರಿಯಿಂದ ಹೊರಗೆ ಹೋಗಲು ಇದ್ದದ್ದು ಮೂರೇ ಲೈನು. ಒಳಗೆ ನಾನೂರು ಜನ. ಎಲ್ಲರಿಗೂ ಅರ್ಜೆಂಟು. ನಾನು ಮಾತ್ರ ಎರಡೇ ಲೈನನ್ನು ಆಡಿಸುತ್ತಿದ್ದೆ. ಮೂರನೆಯದನ್ನು ಯಾರು ಬಂದು ಬೈದರೂ ಕೊಡುತ್ತಿರಲಿಲ್ಲ. ಪ್ರೆಸ್ ಶಾಪಿನಲ್ಲಿ ಯಾರದಾದರೂ ಕೈ ಸಿಕ್ಕಿಕೊಂಡರೆ ಆಂಬುಲೆನ್ಸಿಗೆ ಫೋನ್ ಮಾಡಬೇಕಲ್ಲ, ಆಗ ಪರ್ಚೇಸಿನ ಗುಮಾಸ್ತ ಲೈನಿನಲ್ಲಿ ಸ್ಟೀಲ್ ರೇಟು ವಿಚಾರಿಸುತ್ತ ಕೂತಿದ್ದರೆ? "ಖಾಲಿ ಲೈನ್ ಇಟ್ಕೊಂಡು ಏನ್ರೀ ಪೂಜೆ ಮಾಡ್ತೀರಾ?" ಎಂದು ಒಬ್ಬ ಮ್ಯಾನೇಜರ್ ಕೂಗಾಡಿದ್ದ. ನಾನು ಬಗ್ಗಲಿಲ್ಲ. ಇನ್ನೊಂದು ಅಭ್ಯಾಸವೂ ಇತ್ತು. ಗಂಟೆಗೊಮ್ಮೆ ಎಲ್ಲ ಲೈನುಗಳನ್ನೂ ಟೆಸ್ಟ್ ಮಾಡುವುದು. ಸತ್ತ ಲೈನು ಸತ್ತಿದೆ ಎಂದು ತಾನಾಗಿ ಬಂದು ಹೇಳುವುದಿಲ್ಲ.

ರಿಟೈರ್ ಆದಮೇಲೆ ಕಾಡುಗೋಡಿಯ ಹಿಂದುಗಡೆ ನನ್ನ ಯಜಮಾನರು ಕೊಂಡಿಟ್ಟಿದ್ದ ಸೈಟಿನಲ್ಲಿ ಮನೆ ಕಟ್ಟಿಕೊಂಡು ಬಂದೆವು. ಆಗ ಹಿತ್ತಲಾಚೆ ರಾಗಿ ಹೊಲ. ಯಜಮಾನರು ಹೋದರು, ರಾಗಿಯೂ ಹೋಯಿತು. ಈಗ ಮೂರು ಕಡೆ ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟು, ನಾಲ್ಕನೇ ಕಡೆ ಇನ್ನೂ ಏಳುತ್ತಿರುವುದೊಂದು. ನಮ್ಮ ಮನೆ ಬಾವಿಯ ತಳದಲ್ಲಿ ಇದ್ದಂತೆ ಇದೆ. ಬಿಸಿಲು ಹನ್ನೆರಡು ಗಂಟೆಗೆ ಬಂದು ಎರಡಕ್ಕೆ ಹೋಗುತ್ತದೆ, ಮೊಬೈಲ್ ಸಿಗ್ನಲ್ ಅಷ್ಟೂ ಇಲ್ಲ. ಹಳೆಯ ಲ್ಯಾಂಡ್‌ಲೈನು ರಸ್ತೆ ಅಗೆದಾಗಲೇ ಸತ್ತಿತ್ತು. ಲಿಸ್ಟಿನಲ್ಲಿ ಹೆಸರು ಬರೆಸಿದ ಹೊಸದರಲ್ಲಿ ನನ್ನ ಫೋನನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ತಾರಸಿಯ ಮೇಲೆ ಇಡುತ್ತಿದ್ದೆ, ಮಳೆ ಬಿದ್ದರೆ ನೆನೆಯದಿರಲಿ ಎಂದು. ಅರ್ಧ ಗಂಟೆಗೊಮ್ಮೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ನೋಡಿಬರುತ್ತಿದ್ದೆ.

ನಮ್ಮ ಬೀದಿಗೆಲ್ಲ ಇಂಟರ್ನೆಟ್ ಕೊಡುವ ಕೇಬಲ್‌ನವನು ಒಂದು ದಿನ ಅದನ್ನು ನೋಡಿಬಿಟ್ಟ. ಊರಿನ ಹಳೇ ಮನೆತನದ ಹುಡುಗ, ಅವರಪ್ಪ ನಮಗೆ ಹಾಲು ಹಾಕುತ್ತಿದ್ದರು.

"ಏನ್ ಮೇಡಂ, ಫೋನ್ಗೆ ಉಪ್ಪಿನಕಾಯಿ ಆಕ್ಬುಟ್ಟಿದೀರಾ? ಸ್ಟೀಲ್ ಡಬ್ಬಿ ಒಳಗೆ ಇಟ್ರೆ ಇರೋ ಒಂದು ಕಡ್ಡಿ ಸಿಗ್ನಲ್ಲೂ ಓಯ್ತದೆ!"

ನನ್ನ ಕಷ್ಟ ಕೇಳಿದ ಮೇಲೆ ಅವನು ನಗಲಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ವೈಫೈ ಮೇಲೆಯೇ ಫೋನ್ ಕರೆ ಬರುವ ಹಾಗೆ ಎರಡೂ ಮೊಬೈಲುಗಳಲ್ಲಿ ಸರಿಮಾಡಿಕೊಟ್ಟ. ಮುಂದಿನ ಹಾಲ್‌ನಲ್ಲಿ ಟಿವಿ ಪಕ್ಕ ಇರುವ ಬಿಳೀ ವೈಫೈ ಡಬ್ಬವೇ ಇನ್ನು ನಮ್ಮ ಎಕ್ಸ್‌ಚೇಂಜು ಎಂದುಕೊಂಡೆ.

ಹಗಲೆಲ್ಲ ಚೆನ್ನಾಗಿತ್ತು. ಸಾಯಂಕಾಲ ಆರೂವರೆಯಾದರೆ ಕೆಟ್ಟುಹೋಗುತ್ತಿತ್ತು. ಮಾತು ತುಂಡು ತುಂಡಾಗಿ, ನೀರಿನ ಕೆಳಗಿಂದ ಯಾರೋ ಕೂಗಿದಂತೆ ಕೇಳುತ್ತಿತ್ತು. ಒಂದು ಸಲ ಕೋಆರ್ಡಿನೇಟರ್ ರಕ್ತದ ಸ್ಯಾಂಪಲ್ ವಿಷಯಕ್ಕೆ ಫೋನ್ ಮಾಡಿದ್ದಾಗ "ಹಲೋ ಹಲೋ" ಬಿಟ್ಟು ಬೇರೇನೂ ಆಗಲಿಲ್ಲ. ಇದೇ ಆ ಫೋನ್ ಆಗಿದ್ದರೆ?

ಕೇಬಲ್‌ನವನು ಮತ್ತೆ ಬಂದ. ತನ್ನ ಮೊಬೈಲಿನಲ್ಲಿ ಏನೋ ತೆರೆದು ತೋರಿಸಿದ. ಒಂದರ ಮೇಲೊಂದು ಬಣ್ಣಬಣ್ಣದ ಗುಡ್ಡಗಳು.

"ಇದೆಲ್ಲಾ ಸುತ್ತ ಅಪಾರ್ಟ್‌ಮೆಂಟ್‌ಗಳ ವೈಫೈ ಡಬ್ಬಗಳು ಮೇಡಂ. ಎಲ್ಲಾ ಒಂದೇ ಗಾಳೀಲಿ ಮಾತಾಡ್ತಾವೆ. ಒಂದು ಮಾತಾಡೋವಾಗ ಇನ್ನೊಂದು ಸುಮ್ಕಿರ್ಬೇಕು. ಇನ್ನೊಂದ್ ಕನೆಕ್ಷನ್ ಆಕುದ್ರೂ ಅದೂ ಇದೇ ಗಾಳಿಗೇ ಬರ್ಬೇಕು. ಅದ್ರ ಮೇಲೆ ನಿಮ್ಮ ಮೇಲ್ಮನೆಯೋರು ಸಂಜೆ ಬಂದ್ ತಕ್ಷಣ ವಿಡಿಯೋ ಆಕ್ತಾರೆ."

ಮೇಲಿನ ಎರಡು ರೂಮುಗಳಲ್ಲಿ ಯಾದಗಿರಿ ಕಡೆಯ ಗಂಡ ಹೆಂಡತಿ ಬಾಡಿಗೆಗಿದ್ದರು, ಜೊತೆಗೆ ಅವನ ಇಬ್ಬರು ತಮ್ಮಂದಿರು. ಎದುರಿಗೆ ಏಳುತ್ತಿರುವ ಅಪಾರ್ಟ್‌ಮೆಂಟಿನಲ್ಲೇ ನಾಲ್ವರಿಗೂ ಕೆಲಸ. ವೈಫೈ ಪಾಸ್‌ವರ್ಡನ್ನು ನಾನೇ ಕೊಟ್ಟಿದ್ದೆ. ಆ ಹೆಂಗಸಿನ ನಾಲ್ಕು ವರ್ಷದ ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಳು. ತಾಯಿ ಏಳು ಗಂಟೆಗೆ ಕೈಕಾಲು ತೊಳೆದು, ತಲೆ ಬಾಚಿ, ಕುಂಕುಮ ಇಟ್ಟುಕೊಂಡು ಫೋನಿನ ಮುಂದೆ ಕೂರುತ್ತಿದ್ದಳು. ಮಗು ಅಲ್ಲಿ ಊಟ ಮಾಡಿದರೆ ಇವಳು ಇಲ್ಲಿ ಬಾಯಿ ತೆರೆಯುತ್ತಿದ್ದಳು.

"ಮಾತಿಗೇ ಮೊದಲು ದಾರಿ ಬಿಡೋ ಹಂಗೆ ಮಾಡಕ್ಕಾಗಲ್ವೇನಪ್ಪ?" ಎಂದು ಕೇಳಿದೆ.

"ಮಾಡ್ಬೋದು. ವಾಯ್ಸ್‌ಗೆ ಫಸ್ಟ್ ಪ್ರಿಯಾರಿಟಿ ಇಟ್ಟು, ಮಿಕ್ಕಿದ್ದನ್ನ ಒಸಿ ಟೈಟ್ ಮಾಡ್ತೀನಿ."

"ಒಸಿ ಅಲ್ಲ. ಎಷ್ಟಾಗತ್ತೋ ಅಷ್ಟು."

"ಅವ್ರಿಗೂ ಒಂಚೂರು ಬಿಡ್ಬೇಕಲ್ಲ ಮೇಡಂ? ನಿಮ್ಮ ಫೋನಿನ ವಾಟ್ಸಾಪೂ ಅದ್ರಾಗೇ ಬರೋದು. ಅದೂ ತಡ ಆಗ್ತದೆ ನೋಡಿ."

"ವಾಟ್ಸಾಪಲ್ಲಿ ಏನಿರತ್ತೆ? ಗುಲಾಬಿ ಹೂವು, ಗುಡ್ ಮಾರ್ನಿಂಗು. ಅದೆಲ್ಲ ಕಾಯಬಹುದು. ಮಾತು ಕಾಯಲ್ಲ."

ನಾನು ಹೇಳಿದ್ದು ಸುಳ್ಳಲ್ಲ. ಚಿತ್ರ, ಕಾಗದ, ವಿಡಿಯೋ ಎಲ್ಲ ದಾರಿಯಲ್ಲಿ ಅರ್ಧ ನಿಮಿಷ ನಿಂತು ಬಂದರೂ ಮುಕ್ಕಾಗುವುದಿಲ್ಲ. ಮಾತು ಅರ್ಧ ಸೆಕೆಂಡು ನಿಂತರೆ ಮುರಿಯುತ್ತದೆ. ಒಂದೇ ದಾರಿಯಲ್ಲಿ ಎರಡೂ ಹೋಗಬೇಕೆಂದರೆ ಮಾತಿಗೆ ಜಾಗ ಕಾದಿಟ್ಟಿರಬೇಕು. ಪೀಣ್ಯದಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದೂ ಅದನ್ನೇ. ಅವನು ಸೆಟ್ಟಿಂಗ್ ಬದಲಿಸಿ ಹೋದ.

ಎರಡನೇ ದಿನವೇ ಮೇಲಿನವಳು ಕೆಳಗಿಳಿದು ಬಂದಳು.

"ಅಮ್ಮಾರ, ನೆಟ್ಟಿಗೆ ಏನಾಗ್ಯದ್ರಿ? ಕೂಸಿನ ಮಾರಿ ಕಲ್ಲಿನಂಗ ನಿಂತುಬಿಡ್ತದ್ರಿ. ಬಾಯಿ ತಗದದ್ದು ತಗದಂಗೇ."

"ವಿಡಿಯೋ ಯಾಕಮ್ಮ? ಸುಮ್ಮನೆ ಫೋನ್ ಮಾಡಿ ಮಾತಾಡು."

"ನಾಕು ವರ್ಷದ ಕೂಸ್ರಿ ಅದು. ಮಾರಿ ಕಾಣಲಿಲ್ಲಂದ್ರ ಮಾತಾಡಂಗಿಲ್ರಿ. ನಮ್ಮವ್ವ ಅಲ್ಲ ಅಂತದ."

ನಾನು ಮಗಳ ವಿಷಯ ಹೇಳಿದೆ. ಒಂದು ಫೋನ್ ಬರಬೇಕು, ಅದು ಮುರಿದರೆ ನನ್ನ ಮಗಳ ಜೀವವೇ ಹೋಗುತ್ತದೆ ಎಂದೆ. ಅವಳು ಸೆರಗನ್ನು ಬಾಯಿಗೆ ಹಚ್ಚಿಕೊಂಡು ನಿಂತಳು. "ಅಯ್ಯ, ಹಂಗಂದ್ರ ಇರಲ್ರಿ," ಎಂದು ಹತ್ತಿಹೋದಳು. ಆಮೇಲೂ ಏಳು ಗಂಟೆಗೆ ಕಲ್ಲಿನಂತೆ ನಿಂತ ಆ ಮುಖದ ಮುಂದೆಯೇ ಕೂರುತ್ತಿದ್ದಳು. ಮೇಲಿಂದ "ಏ ಚಿನ್ನಿ, ಏ ಚಿನ್ನಿ," ಎಂದು ಕರೆಯುವುದು ಮೆಟ್ಟಿಲಿನಲ್ಲಿ ಕೇಳುತ್ತಿತ್ತು. ನಾನು ಹಾಲಿನ ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದೆ.

ಇನ್ನೂ ಒಂದು ಕೆಲಸ ಮಾಡಿದೆ. ನಾವು ಮಾತಾಡುತ್ತಿರುವಾಗ ಮತ್ತೊಬ್ಬರು ಕರೆದರೆ ಕಿವಿಯಲ್ಲಿ ಟುಂಯ್ ಟುಂಯ್ ಎನ್ನುತ್ತದಲ್ಲ, ಆ ಕಾಲ್ ವೇಟಿಂಗ್. ಒಂದು ಸಲ ಆಸ್ಪತ್ರೆಯವರು ಲೈನಿನಲ್ಲಿದ್ದಾಗ ಯಾವನೋ ಕೊರಿಯರ್‌ನವನು ಹಾಗೆ ನುಗ್ಗಿ, ಗಾಬರಿಯಲ್ಲಿ ನಾನು ಏನೋ ಒತ್ತಿ, ಆಸ್ಪತ್ರೆಯ ಫೋನೇ ಕಟ್ಟಾಗಿತ್ತು. ಆಪರೇಟರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಎರಡೂ ಫೋನುಗಳಲ್ಲಿ ಅದನ್ನು ತೆಗೆಸಿಬಿಟ್ಟೆ. ಆ ಫೋನ್ ಬಂದ ಮೇಲೆ ಯಾರೂ ಮಧ್ಯೆ ಕೈ ಹಾಕಬಾರದು.

ಮತ್ತೆ ಗಂಟೆಗೊಮ್ಮೆ ಟೆಸ್ಟು. ನಾನು ಹಾಲಿನಿಂದ ನನ್ನ ಫೋನಿನಲ್ಲಿ, ಒಳಕೋಣೆಯಲ್ಲಿ ಮಲಗಿರುವ ಮಗಳ ಫೋನಿಗೆ ಕರೆ ಮಾಡುತ್ತಿದ್ದೆ. ನಡುವೆ ಒಂದು ಗೋಡೆ. ಅವಳು ಎತ್ತಿ, "ಎಸ್ ಎಕ್ಸ್‌ಚೇಂಜ್ ಮೇಡಂ, ಪೇಷಂಟ್ ಜೀವಂತ, ಲೈನ್ ಕ್ಲಿಯರ್," ಎನ್ನುತ್ತಿದ್ದಳು. ಎರಡು ಸೆಕೆಂಡಿನ ಕೆಲಸ. ಮೊದಮೊದಲು ಅವಳಿಗೆ ರೇಗುತ್ತಿತ್ತು. ಆಮೇಲೆ ಅವಳೇ ಒಂದೊಂದು ಮಾತು ಸೇರಿಸತೊಡಗಿದಳು. ಇವತ್ತು ಸಾರಿಗೆ ಉಪ್ಪೇ ಇಲ್ಲ ಅಮ್ಮ, ಉಪ್ಪು ಕೇಳ್ತಿಲ್ಲ, ಸುಮ್ನೆ ಹೇಳ್ತಿದೀನಿ. ಅಮ್ಮ, ಪಪ್ಪ ಕನಸಿನಲ್ಲಿ ಬಂದಿದ್ರು, ಆ ಹಸಿರು ಸ್ವೆಟರ್ ಹಾಕ್ಕೊಂಡು. ಎದುರಿಗೆ ಕೂತರೆ ನಾವಿಬ್ಬರೂ ಮಾತ್ರೆ, ಬಿಪಿ, ಡಾಕ್ಟರು ಅಳೆದುಕೊಟ್ಟ ನೀರಿನಲ್ಲಿ ಎಷ್ಟು ಕುಡಿದೆ ಎಂಬುದನ್ನು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಫೋನಿನಲ್ಲಿ ಅವಳು ಮತ್ತೆ ನನ್ನ ಮಗಳಾಗುತ್ತಿದ್ದಳು. ಗಂಟೆಯಾಗುವುದನ್ನೇ ನಾನು ಕಾಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅದೊಂದು ಗುರುವಾರ. ಸಂಜೆ ಏಳು ಗಂಟೆಯ ಟೆಸ್ಟು. ಅವಳು ಎತ್ತಿದಳು. ಜೋಕ್ ಮಾಡಲಿಲ್ಲ.

"ಅಮ್ಮ, ಫೋನ್ ಇಡಬೇಡ."

"ಏನಾಯ್ತೇ? ಒಳಗೆ ಬರ್ಲಾ?"

"ಬೇಡ. ನಿನ್ನ ಮುಖ ನೋಡಿದ್ರೆ ಹೇಳಕ್ಕಾಗಲ್ಲ. ಅಲ್ಲೇ ಕೂತಿರು." ಅವಳು ಎದ್ದು ಕೂತದ್ದಕ್ಕೆ ಮಂಚ ಕಿರುಗುಟ್ಟಿತು. "ಲಿಸ್ಟಿಂದ ನನ್ನ ಹೆಸರು ತೆಗೆಸಿಬಿಡೋಣ."

ನಾನು ಏನು ಹೇಳಿದೆನೋ ನೆನಪಿಲ್ಲ. ಹುಚ್ಚು ಹುಚ್ಚಾಗಿ ಮಾತಾಡಬೇಡ ಎಂದಿರಬೇಕು.

"ಹುಚ್ಚಲ್ಲಮ್ಮ. ರಸ್ತೆಯಲ್ಲಿ ಆಂಬುಲೆನ್ಸ್ ಸದ್ದಾದ್ರೆ ನೀನು ಏನ್ ಮಾಡ್ತೀಯ ಗೊತ್ತಾ? ಫೋನ್ ನೋಡ್ತೀಯ. ನಾನೂ ನೋಡ್ತೀನಿ. ಯಾವುದೋ ಮನೆ ಮುಳುಗಿದ್ರೆ ನಮಗೆ ಅನುಕೂಲ ಅಂತ ಎರಡು ವರ್ಷದಿಂದ ಬಾಗಿಲಲ್ಲಿ ಕೂತಿದೀವಿ. ಐ ಆಮ್ ಟೈರ್ಡ್ ಅಮ್ಮ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿರೋ ಈ ಕೈ ನೋಡಿದ್ರೆ ನನಗೇ ಹೇಸಿಗೆ. ಒಂದು ಲೋಟ ನೀರು ಲೆಕ್ಕ ಹಾಕದೆ ಕುಡಿಬೇಕು, ಅಷ್ಟೇ. ಕುಡಿದು ಆಗಿದ್ದಾಗಲಿ."

ಗೋಡೆಯ ಆಚೆ ಅವಳು ಅಳುತ್ತಿರುವುದು ನನಗೆ ಎರಡು ಕಡೆಯಿಂದ ಕೇಳುತ್ತಿತ್ತು, ಫೋನಿನಲ್ಲಿ ಒಮ್ಮೆ, ಬಾಗಿಲ ಸಂದಿಯಲ್ಲಿ ಒಮ್ಮೆ. ನಾನು ವಾದ ಮಾಡಿದೆ, ಬೈದೆ, ಬೇಡಿದೆ. ನಿಮ್ಮಪ್ಪ ಇದ್ದಿದ್ದರೆ ಎಂದೆ. ಸಿಸ್ಟರುಗಳು ಕಲಿಸಿದ್ದ ಒಂದು ಪ್ರಾರ್ಥನೆಯನ್ನು ಅರ್ಧ ಹೇಳಿ, ಮುಂದಿನದು ಮರೆತು, ಬಿಟ್ಟುಬಿಟ್ಟೆ. ನಿನಗೋಸ್ಕರ ಬೇಡ, ನನಗೋಸ್ಕರ ಇರು ಎಂದೆ. ಒಬ್ಬ ತಾಯಿ ಹೇಳಬಾರದ ಮಾತನ್ನೂ ಹೇಳಿದೆ. "ನೀನು ಹೋದ್ರೆ ನಾನು ಇಲ್ಲಿ ಯಾರ ಜೊತೆ ಮಾತಾಡಲಿ?" ಎಂದೆ.

ಆ ಹೊತ್ತು ಲೈನು ಎಷ್ಟು ಸ್ವಚ್ಛವಾಗಿತ್ತೆಂದರೆ, ಎರಡು ವರ್ಷದಲ್ಲಿ ಒಂದು ಸಲವೂ ಹಾಗಿರಲಿಲ್ಲ. ಒಂದು ಅಕ್ಷರ ಮುರಿಯಲಿಲ್ಲ. ಅವಳು ಮೂಗು ಒರೆಸಿಕೊಂಡದ್ದು ಕೂಡ ಕೇಳಿತು.

ಕೊನೆಗೆ ಅವಳು, "ಸರಿ. ಇರಲಿ," ಎಂದಳು. "ಇರ್ತೀನಿ. ಈಗ ಫೋನ್ ಇಡು."

ಇಟ್ಟೆ. ಇಪ್ಪತ್ತಮೂರು ನಿಮಿಷ ಎಂದು ಫೋನು ತೋರಿಸಿತು. ಗೆದ್ದೆ ಅನ್ನಿಸಿತು. ಅಡಿಗೆಮನೆಗೆ ಹೋಗಿ ಅವಳ ಪಾಲಿನ ಅಕ್ಕಿ ತೊಳೆದಿಟ್ಟು ಬರುವಷ್ಟರಲ್ಲಿ ಅಲ್ಲಿಯವರೆಗೆ ತಡೆದು ನಿಂತಿದ್ದ ವಾಟ್ಸಾಪ್ ಮೆಸೇಜುಗಳು ಫೋನಿನ ಮೇಲೆ ಒಂದರ ಹಿಂದೊಂದು ಬಂದು ಬಿದ್ದಿದ್ದವು. ಮೂರು. ಎಲ್ಲ ಕೋಆರ್ಡಿನೇಟರಿಂದ. ಮೊದಲನೆಯದನ್ನು ಅವಳು ಕಳಿಸಿದ್ದು ಏಳೂ ಐದಕ್ಕೆ. ಮೇಡಂ, ಎರಡೂ ನಂಬರ್ ಬಿಝಿ ಬರ್ತಿದೆ. ಕಿಡ್ನಿ ಬಂದಿದೆ. ತಕ್ಷಣ ಫೋನ್ ಮಾಡಿ. ಎರಡನೆಯದು, ಮೇಡಂ ಪ್ಲೀಸ್. ಮೂರನೆಯದು ಏಳೂ ಇಪ್ಪತ್ತೊಂದಕ್ಕೆ. ಸಾರಿ ಮೇಡಂ.

ಆಗ ಏಳೂ ಮೂವತ್ತು.

ಫೋನ್ ಮಾಡಿದೆ. ಅವಳು ಒಂದೇ ರಿಂಗಿಗೆ ಎತ್ತಿದಳು.

"ಯಾರ ಜೊತೆ ಮಾತಾಡ್ತಿದ್ರಿ ಮೇಡಂ, ಇಬ್ಬರೂ ಒಟ್ಟಿಗೆ? ಹನ್ನೊಂದು ಸಲ ಟ್ರೈ ಮಾಡಿದೆ. ಎಕ್ಸ್‌ಟ್ರಾ ಟೈಮೂ ತಗೊಂಡೆ. ನೆಕ್ಸ್ಟ್ ಪೇಷಂಟ್ ಈಗ ಗಾಡೀಲಿದಾರೆ."

"ಅವರನ್ನ ವಾಪಸ್ ಕಳಿಸಮ್ಮ," ಎಂದೆ.

"ಮೇಡಂ."

"ದಾರೀಲೇ ಇದಾರಲ್ಲ, ಇನ್ನೂ ಬಂದಿಲ್ಲವಲ್ಲ. ವಾಪಸ್ ಕಳಿಸು. ನಾವೀಗ ಹೊರಡ್ತೀವಿ. ನಾನು ಕಾಲಿಗೆ ಬೀಳ್ತೀನಿ."

ನನ್ನ ಹಾಗೆಯೇ ಎರಡು ವರ್ಷವೋ ನಾಲ್ಕು ವರ್ಷವೋ ಕಾದ ಒಬ್ಬ ತಾಯಿ ಆ ಗಾಡಿಯಲ್ಲಿ ಕೂತಿರಬಹುದು. ಅವಳ ಮಗುವನ್ನು ಕೆಳಗಿಳಿಸು ಎಂದು ನಾನು ಕೇಳಿದೆ. ಕೋಆರ್ಡಿನೇಟರ್ ಮೆತ್ತಗೆ ಫೋನ್ ಇಟ್ಟಳು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋದೆ. ಮೊಣಕಾಲು ನೋವು ನೆನಪಾಗಲಿಲ್ಲ. ಮೇಲಿನವಳು ಗೋಡೆಗೆ ಒರಗಿ ಕೂತಿದ್ದಳು, ಕೈಯಲ್ಲಿ ಫೋನು, ಅದರಲ್ಲಿ ಬಾಯಿ ತೆರೆದು ನಿಂತುಬಿಟ್ಟ ಆ ಮಗುವಿನ ಮುಖ. ಅವಳ ಗಂಡ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ.

"ನಿನ್ನ ವಿಡಿಯೋ ನನ್ನ ಮಗಳನ್ನ ತಿಂತು!" ಎಂದು ಕೂಗಿದೆ. "ಮೆಸೇಜು ಬರಕ್ಕೆ ಜಾಗ ಇಲ್ಲದ ಹಾಗೆ ಮಾಡಿದ್ದೀಯಲ್ಲೇ! ದಿನಾ ನೋಡಿದ್ದನ್ನೇ ಎಷ್ಟು ಅಂತ ನೋಡ್ತೀಯ?"

ಅವಳು ಎದ್ದು ನಿಂತಳು. ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು, ಸ್ಕೂಲಿನಲ್ಲಿ ಸಿಕ್ಕಿಬಿದ್ದ ಹುಡುಗಿಯಂತೆ. "ನಾ ಏನ್ ಮಾಡಿದ್ನಿರಿ ಅಮ್ಮಾರ?" ಎಂದು ಕೇಳಿದಳು. ಅವಳ ಗಂಡ ರೊಟ್ಟಿಯ ಕೈಯಲ್ಲೇ ನಮ್ಮಿಬ್ಬರ ನಡುವೆ ಬಂದು, "ತಪ್ಪಾಗ್ಯದ್ರಿ, ಏನಿದ್ರೂ ತಪ್ಪಾಗ್ಯದ್ರಿ," ಎಂದ. ತಪ್ಪು ಏನೆಂದು ಅವನಿಗೆ ಗೊತ್ತಿರಲಿಲ್ಲ.

ಕೆಳಗೆ ಬಂದಾಗ ಮಗಳು ಹಾಲಿನಲ್ಲಿ ಕೂತಿದ್ದಳು. ನನ್ನ ಫೋನು ಅವಳ ಕೈಯಲ್ಲಿತ್ತು. ಮೂರೂ ಮೆಸೇಜು ಓದಿದ್ದಳು. ಅವಳದಕ್ಕೂ ಆಗಲೇ ಬಂದಿದ್ದವು.

"ಅವರಿಗೆ ಯಾಕಮ್ಮ ಬೈದೆ?" ಎಂದಳು. "ಫೋನ್ ಇಡಬೇಡ ಅಂದಿದ್ದು ನಾನು."

"ಟೆಸ್ಟು ಅಂತ ಮಾಡಿದ್ದು ನಾನು. ಕಾಲ್ ವೇಟಿಂಗ್ ತೆಗೆಸಿದ್ದು ನಾನು. ಬೇರೆದಕ್ಕೆಲ್ಲ ದಾರಿ ಮುಚ್ಚು ಅಂದಿದ್ದೂ ನಾನು."

ಅವಳು ಅಲ್ಲಗಳೆಯಲಿಲ್ಲ. "ಯಾರಿಗೋ ಸಿಕ್ತಲ್ಲ," ಎಂದು ಎದ್ದು ಒಳಗೆ ಹೋಗಿ ದೀಪ ಆರಿಸಿದಳು. ತೊಳೆದಿಟ್ಟ ಅಕ್ಕಿ ಹಾಗೇ ಉಳಿಯಿತು.

ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮೇಲಿನವಳು ಬಾಗಿಲಿಗೆ ಬಂದಳು. ತಲೆಗೆ ಟವೆಲು ಸುತ್ತಿ, ಕೈಯಲ್ಲಿ ಸೈಟಿನ ಹಳದಿ ಹೆಲ್ಮೆಟ್ಟು. ಕಣ್ಣು ಊದಿಕೊಂಡಿದ್ದವು.

"ಇನ್ನ ಮ್ಯಾಲೆ ನಾವು ನೆಟ್ ಹಚ್ಚಂಗಿಲ್ರಿ ಅಮ್ಮಾರ. ನಮ್ಮಿಂದ ಅಕ್ಕಾರ ಜೀವಕ್ಕ ಹಿಂಗಾತಂದ್ರ..."

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಅವಳು ತಪ್ಪನ್ನು ತಾನೇ ಹೊತ್ತುಕೊಂಡು ಹೋಗುತ್ತಿದ್ದಳು, ತಲೆಯ ಮೇಲೆ ಸಿಮೆಂಟ್ ಬಾಂಡ್ಲಿ ಹೊತ್ತು ಹೋದ ಹಾಗೆ. ಒಂದು ಕ್ಷಣ ಹೋಗಲಿ ಎಂದೇ ನಿಂತಿದ್ದೆ. ಆಮೇಲೆ ಒಳಗೆ ಕರೆದು ಕೂರಿಸಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಫೋನು ಬಂದಾಗ ನಮ್ಮ ಎರಡು ನಂಬರುಗಳೂ ಒಂದರ ಜೊತೆ ಇನ್ನೊಂದು ಮಾತಾಡುತ್ತಿದ್ದವು ಎಂದು. ನಿನ್ನ ವಿಡಿಯೋಗೆ ನಾನು ಬಿಟ್ಟಿದ್ದ ಸಂದಿಯಲ್ಲೇ ಆಸ್ಪತ್ರೆಯ ಮೆಸೇಜೂ ನುಸುಳಬೇಕಿತ್ತು, ಅದನ್ನು ಅಷ್ಟು ಕಿರಿದು ಮಾಡಿಸಿದ್ದು ನಾನೇ ಎಂದು.

ಅವಳು ಬಾಯಿ ತೆರೆದು ಕೇಳಿದಳು.

"ಹಂಗಂದ್ರ ಒಳಗೊಬ್ಬರು ಹೊರಗೊಬ್ಬರು ಕುಂತು ಫೋನ್ಯಾಗ ಮಾತಾಡಿದ್ರೇನ್ರಿ?"

"ಹೌದು."

"ಗ್ವಾಡಿ ಬಡದ್ರ ಕೇಳ್ತಿತ್ತಲ್ರಿ ಅಮ್ಮಾರ! ಇಷ್ಟು ಓದಿರಿ, ಟಸ್ ಪುಸ್ ಇಂಗ್ಲೀಷ್ ಮಾತಾಡ್ತೀರಿ..." ಎಂದವಳು ಅಲ್ಲೇ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು. ನಾನು ಅತ್ತೆ. ಅವಳು ನನ್ನ ಬೆನ್ನು ಸವರಲಿಲ್ಲ. ನಿನ್ನೆಯ ಮಾತು ಅಷ್ಟು ಬೇಗ ಮರೆಯುವಂಥದ್ದಾಗಿರಲಿಲ್ಲ. ಆದರೆ ಹೊರಡುವಾಗ ಹೊಸಿಲಲ್ಲಿ ನಿಂತು, "ಸೈಟಿನ್ಯಾಗ ಹನ್ನೊಂದನೇ ಮಾಳಿಗಿ ಮ್ಯಾಲೆ ಸಿಗ್ನಲ್ ಭಾಳ ಚಲೋ ಅದ್ರಿ. ಬೇಕಂದ್ರ ನನ್ನ ನಂಬರ್ ಕೊಡ್ರಿ ದವಾಖಾನಿಗೆ. ಫೋನ್ ಬಂದ್ರ ಮ್ಯಾಲಿಂದನ ಒದರ್ತೀನಿ," ಎಂದಳು.

ಆ ದಿನವೇ ಕೇಬಲ್‌ನವನನ್ನು ಕರೆಸಿ ಬಿಗಿಮಾಡಿದ್ದನ್ನು ಸಡಿಲ ಮಾಡಿಸಿದೆ. ಕಾಲ್ ವೇಟಿಂಗನ್ನೂ ಹಾಕಿಸಿದೆ. ಏಕೆ ಎಂದು ಅವನು ಕೇಳಲಿಲ್ಲ. ಬೀದಿಗೆಲ್ಲ ಸುದ್ದಿ ಹೋಗಿತ್ತು. ಗಂಟೆಗೊಮ್ಮೆ ಮಾಡುತ್ತಿದ್ದ ಟೆಸ್ಟು ನಿಂತಿತು. ಮಗಳು ಒಳಕೋಣೆಯಲ್ಲಿ, ನಾನು ಹಾಲಿನಲ್ಲಿ. ಅವಳ ಹತ್ತಿರ ಹೋಗಿ ಕೂರುತ್ತಿದ್ದೆ. ಎಷ್ಟು ನೀರು ಕುಡಿದೆ ಎಂದು ಕೇಳುತ್ತಿದ್ದೆ. ಹೇಳುತ್ತಿದ್ದಳು. ಅದಾದಮೇಲೆ ಇಬ್ಬರಿಗೂ ಮಾತು ಇರುತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ, ಡಯಾಲಿಸಿಸ್ ಮುಗಿಸಿಕೊಂಡು ಬಂದು ಅವಳು ಮಲಗಿದ್ದಾಗ ನನ್ನ ಫೋನು ಬಡಿಯಿತು. ಕೋಆರ್ಡಿನೇಟರ್. ಮೊದಲ ರಿಂಗಿಗೇ ಎತ್ತಿದೆ.

"ಗಾಬರಿ ಬೇಡ ಮೇಡಂ, ಆರ್ಗನ್ ಅಲ್ಲ. ಹೋದ ಸಲ ಸಿಗಲಿಲ್ಲವಲ್ಲ, ಅದಕ್ಕೆ ಒಂದು ಕನ್‌ಫರ್ಮೇಶನ್ ಬೇಕು. ಪೇಷಂಟ್ ಲಿಸ್ಟಲ್ಲಿ ಇರೋಕೆ ಇಷ್ಟ ಇದೆಯಾ ಅಂತ. ಅವರ ಬಾಯಿಂದಲೇ ಕೇಳಬೇಕು."

ಅವಳ ಬಾಯಿಂದ. ಗುರುವಾರ ನಾನು ಬೇಡಿ ಬೇಡಿ ಪಡೆದ ಆ ಒಂದು ಮಾತು ಈಗ ನನ್ನ ಹತ್ತಿರ ಇರಲಿಲ್ಲ. ಮತ್ತೆ ಕೇಳುವ ಮುಖವೂ ಇರಲಿಲ್ಲ. ಒಳಗೆ ಹೋಗಿ ಫೋನನ್ನು ಅವಳ ಕೈಗೆ ಕೊಟ್ಟೆ. ಹೊರಗೆ ಬರಬೇಕಿತ್ತು. ಬಾಗಿಲಿನಲ್ಲೇ ನಿಂತುಬಿಟ್ಟೆ.

ಆ ಕಡೆಯವಳು ಹೇಳಿದ್ದೆಲ್ಲವನ್ನೂ ಅವಳು ಕೇಳಿಸಿಕೊಂಡಳು. ಸೂಜಿ ಚುಚ್ಚಿದ ಜಾಗದ ಬ್ಯಾಂಡೇಜನ್ನು ಇನ್ನೊಂದು ಕೈಯಿಂದ ಒತ್ತಿಕೊಂಡಿದ್ದಳು. ನನ್ನನ್ನು ನೋಡಲಿಲ್ಲ.

"ಹಾಂ, ಅರ್ಥ ಆಯ್ತು," ಎಂದಳು. ಬಾಗಿಲ ಚೌಕಟ್ಟನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

"ಇರ್ತೀನಿ," ಎಂದಳು. "ಆದ್ರೆ ನಂಬರ್ ಒಂದು ಚೇಂಜ್ ಮಾಡಬೇಕು. ಫಸ್ಟ್ ನನ್ನದೇ ಇರಲಿ. ಸೆಕೆಂಡ್ ಅಮ್ಮಂದು ತೆಗೆದುಬಿಡಿ. ಮೇಲಿನ ಮನೆಯವರದು ಕೊಡ್ತೀನಿ, ಬರ್ಕೊಳ್ಳಿ."

ಒಂದೊಂದೇ ಅಂಕಿ ನಿಧಾನವಾಗಿ ಹೇಳಿದಳು. ಬಾಯಿಪಾಠವಾಗಿತ್ತು. ಯಾವಾಗ ಕೇಳಿಟ್ಟುಕೊಂಡಿದ್ದಳೋ.

ಫೋನನ್ನು ವಾಪಸ್ ಕೊಡುವಾಗ ನನ್ನ ಕೈ ಹಿಡಿದುಕೊಂಡಳು. "ಕೋಪಕ್ಕಲ್ಲಮ್ಮ. ಎರಡು ವರ್ಷ ಆಯ್ತು ನೀನು ನೆಟ್ಟಗೆ ನಿದ್ದೆ ಮಾಡಿ."

ಕೋಪ ಸ್ವಲ್ಪವೂ ಇರಲಿಲ್ಲ ಎಂದು ನಾನು ನಂಬುವುದಿಲ್ಲ. ಅಷ್ಟು ಕೋಪಕ್ಕೆ ಅವಳಿಗೆ ಹಕ್ಕಿತ್ತು. ಆಯಿತು ಎಂದೆ. ಹಾಲಿಗೆ ಬಂದು ಫೋನನ್ನು ಟಿವಿ ಪಕ್ಕ ಇಟ್ಟೆ. ಅದು ಬಡಿದರೂ ಇನ್ನು ತರಕಾರಿಯವನದೋ ಬ್ಯಾಂಕಿನವರದೋ ಇರುತ್ತದೆ.

ಇದನ್ನು ಬರೆಯುವ ಹೊತ್ತಿಗೂ ಆ ಫೋನ್ ಬಂದಿಲ್ಲ. ನನಗೆ ನಿದ್ದೆಯೂ ಬಂದಿಲ್ಲ. ಹಗಲು ಹೊತ್ತಿನಲ್ಲಿ ವರಾಂಡದ ಕುರ್ಚಿಯಲ್ಲಿ ಕೂತು ಎದುರಿನ ಕಟ್ಟಡವನ್ನು ನೋಡುತ್ತಿರುತ್ತೇನೆ. ಹನ್ನೊಂದನೇ ಮಹಡಿಗೆ ಇನ್ನೂ ಗೋಡೆ ಬಂದಿಲ್ಲ. ಹಳದಿ ಹೆಲ್ಮೆಟ್ಟುಗಳು ಅತ್ತಿತ್ತ ಓಡಾಡುತ್ತವೆ. ಅವುಗಳಲ್ಲಿ ಅವಳದು ಯಾವುದೆಂದು ಇಲ್ಲಿಂದ ಗೊತ್ತಾಗುವುದಿಲ್ಲ. ಯಾವುದಾದರೂ ಒಂದು ಅಂಚಿಗೆ ಬಂದು ನಿಂತರೆ ಸಾಕು, ನಾನು ಎದ್ದು ನಿಲ್ಲುತ್ತೇನೆ.